ಬಿಟ್ಟ ಸ್ಥಳದಲ್ಲಿ ಮಗಳು ಏನೇನೋ ಬರೆಯುತ್ತಾಳೆ, ಏನು ಮಾಡಲಿ?

ಪ್ರಶ್ನೆ: ನನ್ನ ಮಗಳಿಗೆ ಐದೂವರೆ ವರ್ಷ. ಮನೆಯಲ್ಲಿ ಚೆನ್ನಾಗಿಯೇ ಮಾತಾಡುತ್ತಾಳೆ. ಕಾಗುಣಿತ ಬರುತ್ತೆ, ಸಣ್ಣ ಪದಗಳನ್ನು ಕೂಡಿಸಿ ಓದುತ್ತಾಳೆ. ಆದರೆ ಶಾಲೆಯಲ್ಲಿ ವಾಕ್ಯ ಪೂರ್ತಿ ಮಾಡುವ ಹಾಳೆ ಕೊಟ್ಟರೆ ಅರ್ಥವೇ ಇಲ್ಲದ ಹಾಗೆ ತುಂಬಿಸುತ್ತಾಳೆ. 'ಮಳೆ ಬಂದಾಗ ನಾನು ____' ಅಂತ ಇದ್ದರೆ 'ಮೋಡ' ಅಂತ ಬರೆದಿದ್ದಳು. 'ನಾಯಿ ಮರದ ಕೆಳಗೆ ____' ಅನ್ನುವುದಕ್ಕೆ 'ಎಲೆ'. ದಿನಾ ಹತ್ತು ವಾಕ್ಯ ಬರೆಸುತ್ತಿದ್ದೇನೆ, ಪ್ರಯೋಜನ ಆಗಿಲ್ಲ. ಈಗ ಹಾಳೆ ಕಂಡರೆ ಸಾಕು, ಅಳು ಶುರು. ಅರ್ಥ ಬರುವ ವಾಕ್ಯ ಮಾಡುವುದನ್ನು ಹೇಗೆ ಕಲಿಸಲಿ? ಅವಳಿಗೆ ಏನಾದರೂ ತೊಂದರೆ ಇರಬಹುದಾ?

ಉತ್ತರ: ಮೊದಲು, ದಿನಕ್ಕೆ ಹತ್ತು ವಾಕ್ಯ ಬರೆಸುವುದನ್ನು ಇವತ್ತಿಗೇ ನಿಲ್ಲಿಸಿ. ಪೂರ್ತಿ ಬಿಡಿ ಅಂತಲ್ಲ, ಮೂರು ವಾರ ಪಕ್ಕಕ್ಕಿಡಿ. ಅಳುತ್ತಾ ಕೂತ ಮಗುವಿನ ತಲೆಯಲ್ಲಿ ವಾಕ್ಯ ಹುಟ್ಟುವುದಿಲ್ಲ. ಬೇಗ ಮುಗಿದರೆ ಸಾಕು ಅಂತ ಕೈಗೆ ಸಿಕ್ಕ ಪದ ತುಂಬಿಸುವುದನ್ನೇ ಅದು ರೂಢಿ ಮಾಡಿಕೊಳ್ಳುತ್ತದೆ.

ಇನ್ನು ಅವಳು ಬರೆದದ್ದನ್ನು ಒಂದು ಸಲ ಸಮಾಧಾನವಾಗಿ ನೋಡೋಣ. ಮಳೆಗೆ ಮೋಡ, ಮರಕ್ಕೆ ಎಲೆ. ಇದು ಅರ್ಥವಿಲ್ಲದ್ದು ಹೇಗಾಗುತ್ತದೆ? ಎರಡೂ ಸರಿಯಾದ ಜೋಡಿಗಳೇ. ನಿಮ್ಮ ಮಗಳು 'ಹೊಂದಿಸಿ ಬರೆಯಿರಿ' ಆಟ ಆಡುತ್ತಿದ್ದಾಳೆ. ಸಾಲಿನಲ್ಲಿ ತನಗೆ ಗೊತ್ತಿರುವ ಒಂದು ಪದ ಹುಡುಕಿ, ಅದರ ಜೊತೆ ಹೋಗುವ ಇನ್ನೊಂದು ಪದವನ್ನು ಪಕ್ಕದಲ್ಲಿಟ್ಟಿದ್ದಾಳೆ. ಇಡೀ ಸಾಲು ಒಂದು ಸಂಗತಿಯನ್ನು ಹೇಳುತ್ತಿದೆ, ಅದು ಅರ್ಧಕ್ಕೆ ನಿಂತಿದೆ, ಅದನ್ನು ಮುಗಿಸಬೇಕು ಎನ್ನುವುದು ಅವಳಿಗೆ ಹೊಳೆದಿಲ್ಲ, ಅಷ್ಟೆ.

ಇನ್ನೂ ಒಂದು ವಿಷಯ ಗಮನಿಸಿ. ಮೋಡ, ಎಲೆ. ಎರಡೂ ಎರಡೇ ಅಕ್ಷರದ ಪದಗಳು, ಒತ್ತಿಲ್ಲ. 'ಮಳೆ ಬಂದಾಗ ನಾನು' ಅಂತ ಶುರುವಾದರೆ ಹಾಳೆ ಕೇಳುವ ಉತ್ತರ ಎಂಥದ್ದು? 'ಕೊಡೆ ಹಿಡಿದುಕೊಳ್ಳುತ್ತೇನೆ.' ಆ ಕೊನೆಯ ಪದವೊಂದರಲ್ಲೇ ಏಳು ಅಕ್ಷರ, ಅದರಲ್ಲಿ ಎರಡು ಒತ್ತು. ಅದೂ ಅಲ್ಲದೆ ಅವಳು ಯಾವತ್ತೂ ಬಾಯಲ್ಲಿ ಆ ಪದವನ್ನು ಹಾಗೆ ಹೇಳಿಯೇ ಇಲ್ಲ. ಅವಳು ಹೇಳುವುದು 'ಹಿಡ್ಕೋತೀನಿ' ಅಂತ. ಈ ವಯಸ್ಸಿನ ಮಕ್ಕಳು ತಮಗೆ ಅನಿಸಿದ್ದನ್ನು ಬಿಟ್ಟು ತಮಗೆ ಬರೆಯಲು ಬರುವುದನ್ನು ಬರೆದುಬಿಡುವುದು ತುಂಬಾ ಸಾಮಾನ್ಯ. ದೊಡ್ಡವರಿಗೆ ಅದು ಅರ್ಥದ ತಪ್ಪಾಗಿ ಕಾಣುತ್ತದೆ. ನಿಜವಾಗಿ ಅದು ಕೈಯ ಕಷ್ಟ.

ಆದ್ದರಿಂದ ತೊಂದರೆ ಎಲ್ಲಿದೆ ಅಂತ ಮೊದಲು ಪತ್ತೆ ಮಾಡಬೇಕು. ಅದಕ್ಕೆ ಹಾಳೆ, ಪೆನ್ಸಿಲ್ ಯಾವುದೂ ಬೇಡ. ಇವತ್ತು ರಾತ್ರಿ ಮಲಗುವ ಮುಂಚೆ, ಪಾಠ ಅಂತ ಹೇಳದೆ, ಅದೇ ವಾಕ್ಯವನ್ನು ನೀವು ಬಾಯಲ್ಲಿ ಹೇಳಿ. ಆಡುಮಾತಿನಲ್ಲೇ ಹೇಳಿ. 'ಮಳೆ ಬಂದಾಗ ನಾನು...' ಅಂತ ರಾಗ ಎಳೆದು, ದನಿ ಇಳಿಸದೆ, ಅವಳ ಮುಖ ನೋಡಿ ನಿಲ್ಲಿಸಿ. 'ಒಳಗೆ ಓಡ್ತೀನಿ', 'ನೆನೀತೀನಿ', 'ಕಿಟಕಿ ಹತ್ರ ಕೂತ್ಕೋತೀನಿ', ಯಾವುದಾದರೂ ಬಂತಾ? ಹಾಗಾದರೆ ಅವಳ ಭಾಷೆ ಚೆನ್ನಾಗಿದೆ. ಇರುವ ಕಷ್ಟ ಓದಿನದ್ದು, ಬರಹದ್ದು. ಬಾಯಲ್ಲೂ 'ಮೋಡ' ಅಂತಲೇ ಬಂದರೆ ಕೆಲಸ ಬೇರೆ ಕಡೆಯಿಂದ ಶುರುವಾಗಬೇಕು, ಅಂದರೆ ಕಿವಿಯಿಂದ. ಎರಡು ಮೂರು ದಿನ, ಬೇರೆ ಬೇರೆ ವಾಕ್ಯಗಳಲ್ಲಿ ಹೀಗೆ ನೋಡಿ. ಒಂದೇ ಸಲಕ್ಕೆ ತೀರ್ಮಾನ ಬೇಡ.

ನಿಮ್ಮ ಪತ್ರ ಓದಿದರೆ ಮೊದಲನೆಯದೇ ಇರಬೇಕು ಅನಿಸುತ್ತದೆ. ಅಕ್ಷರ ಅಕ್ಷರ ಕೂಡಿಸಿ ಓದುವ ಮಗುವಿಗೆ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಸಾಲಿನ ಮೊದಲು ಮರೆತುಹೋಗಿರುತ್ತದೆ. ಮ, ಳೆ, ಮಳೆ. ಬಂ, ದಾ, ಗ, ಬಂದಾಗ. ಅಷ್ಟೊತ್ತಿಗೆ ಮಳೆ ಎಲ್ಲೋ ಹೋಯಿತು. ಹೀಗಿರುವಾಗ ಓದುವ ಭಾರವನ್ನು ನೀವೇ ಹೊತ್ತುಕೊಳ್ಳಿ. ಸಾಲನ್ನು ನೀವು ಓದಿ, ಅವಳು ಬರೀ ಮುಗಿಸಲಿ. ಇದು ಮೋಸ ಅಲ್ಲ. ಎರಡು ಕೆಲಸವನ್ನು ಒಟ್ಟಿಗೆ ಮಾಡಲು ಆಗದವರಿಗೆ ಒಂದನ್ನು ಹಿಡಿದುಕೊಡುವುದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಬಿಟ್ಟ ಸ್ಥಳ ತುಂಬುವುದು ಮೂಲದಲ್ಲಿ ಕಲಿಸುವ ವಿಧಾನವೇ ಅಲ್ಲ, ಅಳೆಯುವ ವಿಧಾನ. 1953ರಲ್ಲಿ ವಿಲ್ಸನ್ ಟೇಲರ್ ಎನ್ನುವವರು ಒಂದು ಬರಹ ಓದುಗರಿಗೆ ಎಷ್ಟು ಸುಲಭ ಅಂತ ಅಳೆಯಲು, ಅದರಿಂದ ಪದಗಳನ್ನು ತೆಗೆದು ಓದುಗರಿಂದ ತುಂಬಿಸಿ ನೋಡಿದರು. ಅದಕ್ಕೆ 'ಕ್ಲೋಜ್' ಅಂತ ಹೆಸರಿಟ್ಟರು. ಇವತ್ತು ಅದೇ ಬಗೆಯ ಸಾಲುಗಳು ಚಿಕ್ಕ ಮಕ್ಕಳ ಪುಸ್ತಕದ ತುಂಬಾ ಇವೆ. ಆದರೆ ಖಾಲಿ ಗೆರೆ ತಾನಾಗಿ ಏನನ್ನೂ ಕಲಿಸುವುದಿಲ್ಲ. ತಕ್ಕಡಿ ಮೇಲೆ ದಿನಾ ನಿಲ್ಲಿಸಿದರೆ ಮಗುವಿನ ತೂಕ ಹೆಚ್ಚುತ್ತದಾ? ಹಾಗೇ ಇದು.

ಹಾಗಾದರೆ ಕಲಿಸುವುದು ಯಾವುದು? ನನ್ನ ಪ್ರಕಾರ ಮೊದಲ ಆಟ ತಪ್ಪು ವಾಕ್ಯದ ಆಟ. ನೀವು ತೀರಾ ಗಂಭೀರವಾಗಿ ಹೇಳಿ: 'ಮೀನು ಮರ ಹತ್ತಿತು.' 'ನಾನು ಚಪ್ಪಲಿ ಕುಡಿದೆ.' 'ಕುರ್ಚಿ ಮಲಗಿ ಗೊರಕೆ ಹೊಡೆಯಿತು.' ಅವಳು ನಗುತ್ತಾಳೆ. 'ಅಯ್ಯೋ, ಹಂಗಲ್ಲ!' ಅನ್ನುತ್ತಾಳೆ. ಆ ನಗು ಬಂತು ಅಂದರೆ ಅರ್ಥ ಕೂಡಿಲ್ಲ ಅನ್ನುವುದನ್ನು ಹಿಡಿಯುವ ಶಕ್ತಿ ಅವಳಲ್ಲಿ ಇದೆ ಅಂತ. ದೊಡ್ಡವರಲ್ಲಿ ಈ ಶಕ್ತಿ ಎಷ್ಟು ಚುರುಕು ಅನ್ನುವುದನ್ನು 1980ರಲ್ಲಿ ಮಾರ್ತಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ಎನ್ನುವ ಮಿದುಳಿನ ಸಂಶೋಧಕರು ತೋರಿಸಿದರು. ಬ್ರೆಡ್ಡಿಗೆ ಸಾಕ್ಸ್ ಸವರಿದ ಅನ್ನುವಂಥ ವಾಕ್ಯಗಳನ್ನು ಓದಿಸಿ ಮಿದುಳಿನ ಅಲೆಗಳನ್ನು ದಾಖಲಿಸಿದಾಗ, ಹೊಂದದ ಪದ ಕಂಡ ಸುಮಾರು 400 ಮಿಲಿಸೆಕೆಂಡಿಗೆ ಅಲೆಯಲ್ಲಿ ಎದ್ದು ಕಾಣುವ ಬದಲಾವಣೆ ಆಗುತ್ತಿತ್ತು. ಅರ್ಧ ಸೆಕೆಂಡೂ ಬೇಡ. 'ಇದು ಕೂಡಲಿಲ್ಲ' ಅಂತ ನಮಗೆ ಯೋಚಿಸದೆಯೇ ಗೊತ್ತಾಗುತ್ತದೆ. ನಿಮ್ಮ ಮಗಳು ಕಿವಿಯಲ್ಲಿ ಕೇಳಿದಾಗ ಕೆಲಸ ಮಾಡುವ ಈ ಎಚ್ಚರವನ್ನೇ ನಿಧಾನಕ್ಕೆ ಹಾಳೆಯ ಮೇಲಿನ ಸಾಲಿಗೂ ತರಬೇಕು.

ನಕ್ಕಾದ ಮೇಲೆ 'ಹಾಗಾದ್ರೆ ಮರ ಹತ್ತೋದು ಯಾರು?' ಅಂತ ಕೇಳಿ. 'ಮತ್ತೆ ಮೀನು ಏನು ಮಾಡುತ್ತೆ?' ಅಂತ ಕೇಳಿ. ಒಂದು ತಪ್ಪು ವಾಕ್ಯದಿಂದ ಎರಡು ಸರಿ ವಾಕ್ಯ ಹುಟ್ಟಿತು. ನಂತರ ಅವಳೇ ನಿಮಗೆ ತಪ್ಪು ವಾಕ್ಯ ಹೇಳಲಿ, ನೀವು ಸರಿ ಮಾಡಿ. ಬೇಕಂತಲೇ ತಪ್ಪು ವಾಕ್ಯ ಮಾಡಬೇಕಾದರೆ ಸರಿ ಯಾವುದು ಅಂತ ತಲೆಯಲ್ಲಿ ಇರಲೇಬೇಕು, ಅಲ್ವಾ?

ಇನ್ನು ನಮ್ಮ ಕನ್ನಡದ ವಿಷಯಕ್ಕೆ ಬರುತ್ತೇನೆ. ಕನ್ನಡದಲ್ಲಿ ಸಾಮಾನ್ಯವಾಗಿ ಕ್ರಿಯಾಪದ ಕೊನೆಗೆ ಬರುತ್ತದೆ. ಅಂದರೆ ವಾಕ್ಯ ಮುಗಿಸು ಅಂತ ಕೇಳಿದರೆ ಮಗು ಏನಾಯಿತು, ಯಾರು ಮಾಡಿದರು, ಯಾವಾಗ ಎನ್ನುವ ಮೂರನ್ನೂ ಒಂದೇ ಪದದಲ್ಲಿ ಹೇಳಬೇಕು. 'ಓಡಿದೆ' ಅಂದರೆ ನಾನು. 'ಓಡಿದಳು' ಅಂದರೆ ಅವಳು. 'ಓಡಿತು' ಅಂದರೆ ನಾಯಿ. ಇದು ಸಣ್ಣ ಕೆಲಸವಲ್ಲ. ಆದರೆ ಕನ್ನಡ ಇನ್ನೊಂದು ಕಡೆ ಉಪಕಾರವನ್ನೂ ಮಾಡುತ್ತದೆ. ಮುಂದೆ ಏನು ಬರಬಹುದು ಅನ್ನುವ ಸುಳಿವನ್ನು ಪದದ ಬಾಲದಲ್ಲೇ ಇಟ್ಟಿರುತ್ತದೆ.

ಇದನ್ನು ಬಾಯಲ್ಲೇ ಆಡಿ ನೋಡಿ. 'ಬೆಕ್ಕು ಮರ' ಅಂದು ನಿಲ್ಲಿಸಿ. ಮಗು ಸುಮ್ಮನೆ ನೋಡುತ್ತದೆ. 'ಬೆಕ್ಕು ಮರದಿಂದ...' ಅನ್ನಿ. ತಕ್ಷಣ 'ಬಿತ್ತು' ಅಥವಾ 'ಇಳೀತು' ಅಂತ ಬರುತ್ತದೆ. 'ಬೆಕ್ಕು ಮರದ ಮೇಲೆ...' ಅಂದರೆ 'ಕೂತಿತ್ತು'. 'ಬೆಕ್ಕು ಮರದ ಹಿಂದೆ...' ಅಂದರೆ ಅವಳು ಕಣ್ಣು ದೊಡ್ಡದು ಮಾಡಿ 'ಬಚ್ಚಿಟ್ಕೊಂಡಿತು' ಅನ್ನಬಹುದು. ಬೆಕ್ಕು ಅದೇ, ಮರ ಅದೇ. ನಡುವಿನ ತುಣುಕು ಬದಲಾದ ಕೂಡಲೇ ಕಣ್ಣ ಮುಂದಿನ ಚಿತ್ರ ಬದಲಾಯಿತು. 'ಮರದಿಂದ' ಅನ್ನುವಲ್ಲಿನ 'ಇಂದ'ದಂಥ ಬಾಲವನ್ನು ವ್ಯಾಕರಣದಲ್ಲಿ ವಿಭಕ್ತಿ ಪ್ರತ್ಯಯ ಅಂತೇವೆ; 'ಮೇಲೆ', 'ಹಿಂದೆ' ಬೇರೆ ಪದಗಳಾದರೂ ಮಾಡುವ ಕೆಲಸ ಅದೇ ಬಗೆಯದು. ಮಗುವಿಗೆ ಆ ಹೆಸರು ಬೇಡ. ಆ ಬಾಲದ ಮೇಲೆ ನಿಮ್ಮ ದನಿ ಸ್ವಲ್ಪ ಒತ್ತಲಿ, ಸಾಕು.

ಇದಕ್ಕಿಂತ ಚೆಂದದ್ದು ಮಳೆಯ ಆಟ. 'ಮಳೆ ಬಂದಾಗ...', 'ಮಳೆ ಬಂದರೆ...', 'ಮಳೆ ಬಂದರೂ...', 'ಮಳೆ ಬಂದು...' ನಾಲ್ಕರಲ್ಲೂ ಅದೇ ಮಳೆ, ದಾರಿ ಮಾತ್ರ ನಾಲ್ಕು. 'ಮಳೆ ಬಂದು ನೆಲ ಒದ್ದೆ ಆಯ್ತು' ಐದು ವರ್ಷದ ಮಗುವಿಗೆ ಸುಲಭ. 'ಮಳೆ ಬಂದರೆ' ಅನ್ನುವುದಕ್ಕೆ ಇನ್ನೂ ಆಗದ್ದನ್ನು ಊಹಿಸಬೇಕು, ಸ್ವಲ್ಪ ಕಷ್ಟ. 'ಮಳೆ ಬಂದರೂ' ಇವೆಲ್ಲಕ್ಕಿಂತ ಕಷ್ಟ, ಯಾಕಂದರೆ ಏನಾಗಬೇಕಿತ್ತೋ ಅದು ಆಗಲಿಲ್ಲ ಅಂತ ಹೇಳಬೇಕು. 'ಮಳೆ ಬಂದರೂ ಅವಳು ಆಟ ನಿಲ್ಲಿಸಲಿಲ್ಲ.' ಇದನ್ನು ಈಗಲೇ ಕೇಳಬೇಡಿ. ನೀವು ಮಾತಾಡುವಾಗ ಬಳಸುತ್ತಾ ಇರಿ. 'ಎಷ್ಟು ಕರೆದರೂ ಬರಲಿಲ್ವಲ್ಲ ನೀನು' ಅಂತ ನೀವು ದಿನಾ ಹೇಳುವುದೂ ಪಾಠವೇ.

'ಯಾಕಂದ್ರೆ' ಅನ್ನುವ ಪದದ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಹಾಳೆಗಳಲ್ಲಿ ಅದು ಬಹಳ ಬರುತ್ತದೆ. ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1924ರಲ್ಲೇ ಮಕ್ಕಳಿಗೆ ಇಂಥ ಅರ್ಧ ವಾಕ್ಯಗಳನ್ನು ಕೊಟ್ಟು ಮುಗಿಸಲು ಹೇಳಿದ್ದರು. ಒಬ್ಬ ಸೈಕಲ್‌ನಿಂದ ಬಿದ್ದ, ಯಾಕಂದ್ರೆ... ಕೆಲವು ಮಕ್ಕಳು ಅವನ ಕೈ ಮುರಿಯಿತು ಅಂತ ಮುಗಿಸಿದರು. ಕಾರಣ ಹೇಳುವ ಕಡೆ ಪರಿಣಾಮ ಹೇಳಿದರು. ಬಿದ್ದದ್ದಕ್ಕೂ ಕೈ ಮುರಿದದ್ದಕ್ಕೂ ಸಂಬಂಧ ಇದೆ ಅಂತ ಮಗುವಿಗೆ ಗೊತ್ತು, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ತಿರುವುಮುರುವು. ನಂತರ ಬಂದ ಸಂಶೋಧಕರು ಇನ್ನೊಂದನ್ನೂ ಗಮನಿಸಿದರು. ಮೂರು ನಾಲ್ಕು ವರ್ಷದ ಮಕ್ಕಳು ಕೂಡ ತಮ್ಮದೇ ವಿಷಯ ಬಂದಾಗ ಕಾರಣವನ್ನು ಸರಿಯಾಗಿಯೇ ಹೇಳುತ್ತಾರೆ. 'ನಂಗೆ ಆ ಅಂಗಿ ಬೇಡ, ಯಾಕಂದ್ರೆ ಅದು ಚುಚ್ಚುತ್ತೆ.' ಎಷ್ಟು ಸರಿಯಾಗಿದೆ ನೋಡಿ! ಹಾಗಾಗಿ ಯಾರೋ ಸೈಕಲ್‌ನಿಂದ ಬಿದ್ದ ಕತೆ ಬೇಡ. ಅವಳು ಇವತ್ತು ಅತ್ತದ್ದು, ಬೇಡ ಅಂದದ್ದು, ಹೆದರಿದ್ದು, ಅದರಿಂದ ಶುರು ಮಾಡಿ. ತಿರುಗಾಮುರುಗಾ ಆದರೆ 'ಮೊದಲು ಏನಾಯ್ತು? ಆಮೇಲೆ?' ಅಂತ ಬೆರಳು ಮಡಿಸಿ ತೋರಿಸಿ. ಅವಳೇ ಸರಿ ಮಾಡಿಕೊಳ್ಳುತ್ತಾಳೆ.

ಕೇಳಿದ ಮೇಲೆ ಕಾಯಿರಿ. ಇದು ಹೇಳಲು ಸುಲಭ, ಮಾಡಲು ಕಷ್ಟ. 1970ರ ದಶಕದಲ್ಲಿ ಮೇರಿ ಬಡ್ ರೋ ಎನ್ನುವ ಶಿಕ್ಷಣ ಸಂಶೋಧಕಿ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಸುಮಾರು ಒಂದೇ ಸೆಕೆಂಡು ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, 'ಗೊತ್ತಿಲ್ಲ' ಅನ್ನುವುದು ಕಡಿಮೆಯಾಯಿತು. ಬರೀ ಎರಡು ಸೆಕೆಂಡು ಜಾಸ್ತಿ! ಮನಸ್ಸಿನಲ್ಲಿ ಒಂದರಿಂದ ಐದು ಎಣಿಸಿ. ಅಷ್ಟರಲ್ಲಿ 'ಹೇಳು ಹೇಳು, ಬೇಗ' ಅನ್ನಬೇಡಿ. ಐದಾದರೂ ಬರದಿದ್ದರೆ ಎರಡು ಆಯ್ಕೆ ಕೊಡಿ: 'ಒಳಗೆ ಓಡ್ತೀಯಾ, ಹೊರಗೆ ಕುಣೀತೀಯಾ?' ಅವಳು ಯಾವುದನ್ನು ಆರಿಸಿದರೂ ಒಂದು ವಾಕ್ಯ ಮುಗಿಯಿತು.

ತಪ್ಪು ಹೇಳಿದಾಗ ತಿದ್ದುವ ಬಗೆಯೂ ಮುಖ್ಯ. 'ನಾಯಿ ಓಡಿದಳು' ಅಂದಳು ಅನ್ನಿ. 'ತಪ್ಪು, ಮತ್ತೆ ಹೇಳು' ಬೇಡ. 'ಹೌದಾ, ನಾಯಿ ಓಡಿತಾ? ಎಲ್ಲಿಗೆ ಓಡಿತು?' ಅನ್ನಿ. ಸರಿ ರೂಪ ಎರಡು ಸಲ ಅವಳ ಕಿವಿಗೆ ಬಿತ್ತು, ಮಾತೂ ಮುಂದುವರಿಯಿತು. ಹಾಗೆಯೇ, ಮನೆಯಲ್ಲಿ ಮಾತಾಡುವಾಗ 'ಪೂರ್ತಿ ವಾಕ್ಯದಲ್ಲಿ ಹೇಳು' ಅಂತ ಒತ್ತಾಯ ಮಾಡಬೇಡಿ. 'ಎಲ್ಲಿಗೆ ಹೋಗಿದ್ದೆ?' ಅಂದರೆ 'ಆಟಕ್ಕೆ' ಅನ್ನುವುದು ಸರಿಯಾದ ಕನ್ನಡವೇ, ನಾವೆಲ್ಲ ಹಾಗೇ ಮಾತಾಡುತ್ತೇವೆ. ಕನ್ನಡದಲ್ಲಿ 'ಬಂದೆ' ಅನ್ನುವ ಒಂದೇ ಪದವೂ ಪೂರ್ತಿ ವಾಕ್ಯ.

ಈ ಬಾಯಿ ಆಟ ಎರಡು ವಾರ ಆದ ಮೇಲೆ ಕಾಗದಕ್ಕೆ ಬನ್ನಿ. ಆದರೆ ಖಾಲಿ ಗೆರೆಯಿಂದ ಅಲ್ಲ. ಒಂದು ಕಾಗದವನ್ನು ಉದ್ದಕ್ಕೆ ಪಟ್ಟಿಯಾಗಿ ಕತ್ತರಿಸಿಕೊಳ್ಳಿ. 'ಇವತ್ತು ಏನಾಯ್ತು, ಒಂದೇ ಒಂದು ಮಾತು ಹೇಳು' ಅಂತ ಕೇಳಿ. ಅವಳು 'ಬೆಕ್ಕು ನನ್ನ ಹಾಲು ಕುಡೀತು' ಅಂದರೆ ಅದನ್ನು ಅವಳ ಕಣ್ಣೆದುರೇ, ಅವಳು ಹೇಳಿದ ಹಾಗೇ, ದಪ್ಪ ಅಕ್ಷರದಲ್ಲಿ ಬರೆಯಿರಿ. ಪದ ಪದದ ನಡುವೆ ಒಳ್ಳೆ ಜಾಗ ಬಿಡಿ. ಬೆರಳಿಟ್ಟು ಇಬ್ಬರೂ ಓದಿ. ಈಗ ಅವಳ ಕೈಗೆ ಕತ್ತರಿ ಕೊಟ್ಟು ಪದಗಳನ್ನು ಬೇರೆ ಮಾಡಿಸಿ. ನಾಲ್ಕು ಚೂರು ನೆಲದ ಮೇಲೆ ಬಿದ್ದಿವೆ: ಬೆಕ್ಕು, ನನ್ನ, ಹಾಲು, ಕುಡೀತು. ಅವನ್ನು ಮತ್ತೆ ಜೋಡಿಸಲಿ. ಅವಳದೇ ಮಾತು, ಅವಳು ಕಂಡದ್ದೇ, ಹಾಗಾಗಿ ಚಿತ್ರ ತಲೆಯಲ್ಲಿ ಗಟ್ಟಿಯಾಗಿದೆ.

ಜೋಡಿಸಿದ ಮೇಲೆ 'ಕುಡೀತು' ಚೂರನ್ನು ನಿಮ್ಮ ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಿ. 'ಬೆಕ್ಕು ನನ್ನ ಹಾಲು... ಈಗ ಬೇರೆ ಏನಾದ್ರೂ ಮಾಡಿಸೋಣ್ವಾ?' 'ಚೆಲ್ಲಿತು', 'ನೆಕ್ಕಿತು', 'ಬೀಳಿಸಿತು'. ಖಾಲಿ ಜಾಗ ಅಂದರೆ ಇದು ಅಂತ ಅವಳಿಗೆ ಮೊದಲ ಸಲ ಕೈಗೆ ಸಿಗುತ್ತದೆ. ಅಲ್ಲಿ ಮೊದಲು ಒಂದು ಮಾತು ಇತ್ತು, ಈಗ ಇಲ್ಲ, ಅಲ್ಲಿ ಏನು ಬೇಕಾದರೂ ಬರಬಹುದು ಆದರೆ ಏನೇನೋ ಬರಲಾಗದು. ಬೇಕಾದರೆ 'ಮೋಡ' ಅಂತ ಒಂದು ಚೂರು ಬರೆದು ಅಲ್ಲಿಟ್ಟು ಓದಿಸಿ. 'ಬೆಕ್ಕು ನನ್ನ ಹಾಲು ಮೋಡ.' ಅವಳಿಗೇ ನಗು ಬರುತ್ತದೆ. ಅವಳು 'ನನ್ನ ಹಾಲು ಬೆಕ್ಕು ಕುಡೀತು' ಅಂತ ಜೋಡಿಸಿದರೆ ಅದೂ ಸರಿ, ಕನ್ನಡದಲ್ಲಿ ಪದಗಳು ಹೀಗೆ ಜಾಗ ಬದಲಿಸಬಹುದು. 'ಕುಡೀತು' ಬದಲು 'ಕುಡಿಯಿತು' ಅಂತ ಬರೆಸುವ ಕಾಲ ಆಮೇಲೆ ಬರುತ್ತದೆ. ಈಗಲೇ ಬರಹದ ಭಾಷೆಯನ್ನೂ ಹೇರಿದರೆ ಮತ್ತೆ 'ಎಲೆ', 'ಮೋಡ'ಕ್ಕೆ ಓಡಿಬಿಡುತ್ತಾಳೆ.

ದಿನಕ್ಕೆ ಐದು ನಿಮಿಷ ಸಾಕು. ಅವಳು 'ಇನ್ನೊಂದು' ಅನ್ನುವಾಗಲೇ ನಿಲ್ಲಿಸಿ.

ವಾಕ್ಯ ಆರಿಸುವಾಗ ಮೊದಲು ದಾರಿ ಕಿರಿದಾಗಿರಲಿ. 'ಬಿಸಿಲಿಗೆ ಒದ್ದೆ ಬಟ್ಟೆ ____' ಅಂದರೆ ಒಣಗಲೇಬೇಕು, ಬೇರೆ ದಾರಿ ಕಡಿಮೆ. 'ನನಗೆ ____ ಇಷ್ಟ' ಅನ್ನುವುದು ಬಯಲು. ದೊಡ್ಡವರಿಗೆ ಅದು ಸುಲಭ ಅನಿಸಬಹುದು, ತಡವರಿಸುವ ಮಗುವಿಗೆ ಬಯಲಲ್ಲಿ ಎತ್ತ ಹೋಗಬೇಕೋ ತಿಳಿಯುವುದಿಲ್ಲ.

ಅವಳ ಉತ್ತರ ನಿಮ್ಮ ಉತ್ತರದಂತೆ ಇಲ್ಲದಿದ್ದರೆ ತಕ್ಷಣ ತಪ್ಪು ಅನ್ನಬೇಡಿ. 'ರಾತ್ರಿ ಆದಾಗ ಅಪ್ಪ ____' ಅನ್ನುವುದಕ್ಕೆ ಒಂದು ಮಗು 'ಕೆಲಸಕ್ಕೆ ಹೋಗುತ್ತಾರೆ' ಅಂತ ಬರೆದರೆ, ಆ ಅಪ್ಪನಿಗೆ ರಾತ್ರಿ ಪಾಳಿ ಇರಬಹುದು. 'ಮಲಗುತ್ತಾರೆ' ಅಂತಲೇ ಬರೀಬೇಕು ಅಂತ ಕೆಂಪು ಗೆರೆ ಎಳೆದರೆ, ತನ್ನ ಕಣ್ಣಾರೆ ಕಂಡದ್ದು ಇಲ್ಲಿ ನಡೆಯುವುದಿಲ್ಲ ಅಂತ ಆ ಮಗು ಕಲಿಯುತ್ತದೆ. ಮುಂದಿನ ಸಲ ಟೀಚರ್‌ಗೆ ಏನು ಬೇಕು ಅಂತ ಊಹಿಸಲು ಹೊರಡುತ್ತದೆ. 'ಯಾಕೆ ಹಾಗೆ ಬರೆದೆ?' ಅಂತ ಪ್ರೀತಿಯಿಂದ ಒಂದು ಸಲ ಕೇಳಿದರೆ ಎಷ್ಟೋ 'ತಪ್ಪುಗಳು' ಅಲ್ಲೇ ಸರಿಯಾಗುತ್ತವೆ.

ತೊಂದರೆ ಇರಬಹುದಾ ಅಂತ ಕೇಳಿದ್ದೀರಿ. ನೀವು ಬರೆದಷ್ಟರಲ್ಲಿ ಗಾಬರಿ ಪಡುವಂಥದ್ದು ನನಗೆ ಕಾಣುತ್ತಿಲ್ಲ. ಆದರೆ ಕೆಲವನ್ನು ಗಮನಿಸಿ. ಬಾಯಲ್ಲಿಯೂ ಸುಲಭದ ವಾಕ್ಯ ಮುಗಿಸಲು ಆಗುತ್ತಿಲ್ಲವಾ? 'ಚಪ್ಪಲಿ ಹೊರಗಿಟ್ಟು ಕೈ ತೊಳ್ಕೊಂಡು ಬಾ' ಅಂದರೆ ಒಂದನ್ನೇ ಮಾಡಿ ನಿಲ್ಲುತ್ತಾಳಾ? ಹೊರಗಿನವರಿಗೆ ಅವಳ ಮಾತು ಅರ್ಥವಾಗುವುದು ಕಷ್ಟವಾ? ಇವತ್ತು ಏನಾಯಿತು ಅಂತ ಎರಡು ಮೂರು ಮಾತಲ್ಲಿ ಹೇಳಲು ಆಗುತ್ತಿಲ್ಲವಾ? ಕರೆದರೆ ಪದೇ ಪದೇ 'ಆಂ?' ಅನ್ನುತ್ತಾಳಾ? ಇವುಗಳಲ್ಲಿ ಯಾವುದಾದರೂ ಹೌದಾದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಚಿಕ್ಕ ಮಕ್ಕಳಲ್ಲಿ ನೆಗಡಿಯ ನಂತರ ಕಿವಿಯ ಒಳಗೆ ನೀರಿನಂಥ ದ್ರವ ನಿಲ್ಲುವುದು ಸಾಮಾನ್ಯ. ನೋವೂ ಇರುವುದಿಲ್ಲ, ಮಗುವೂ ಹೇಳುವುದಿಲ್ಲ, ಪದದ ಕೊನೆಯ ಮೆಲುದನಿಗಳು ಮಾತ್ರ ಸರಿಯಾಗಿ ಕೇಳುವುದಿಲ್ಲ. ಕನ್ನಡದಲ್ಲಿ ಅರ್ಥದ ಅರ್ಧ ಭಾಗ ಇರುವುದೇ ಆ ಕೊನೆಯಲ್ಲಿ. ಕಿವಿ ಸರಿ ಇದ್ದರೆ ವಾಕ್ ಮತ್ತು ಶ್ರವಣ ತಜ್ಞರನ್ನು ಒಮ್ಮೆ ಕಾಣಿ. ಮನೆಯಲ್ಲಿ ಬೇರೆ ಭಾಷೆಯೂ ಇದ್ದರೆ ಅವಳು ಹೆಚ್ಚು ಮಾತಾಡುವ ಭಾಷೆಯಲ್ಲೇ ಈ ಎಲ್ಲವನ್ನೂ ನೋಡಿ. ಎರಡು ಭಾಷೆ ಕೇಳಿ ಬೆಳೆಯುವುದು ಇದಕ್ಕೆ ಕಾರಣವಲ್ಲ, ಅದಕ್ಕಾಗಿ ಮನೆಮಾತು ಬಿಡಬೇಡಿ.

ಶಾಲೆಯ ಟೀಚರ್ ಹತ್ತಿರ ಹೋಗಿ ಎರಡೇ ಮಾತು ಕೇಳಿಕೊಳ್ಳಿ. ಸ್ವಲ್ಪ ದಿನ ಅವಳಿಗೆ ಸಾಲನ್ನು ಅವರು ಓದಿ ಹೇಳಲಿ, ಅವಳು ಬಾಯಲ್ಲಿ ಮುಗಿಸಿದ್ದನ್ನೂ ಉತ್ತರ ಅಂತ ಒಪ್ಪಲಿ. ಬಾಯಲ್ಲಿ ಏನು ಹೇಳುತ್ತಾಳೆ ಅಂತ ನೀವು ಒಂದು ವಾರ ಬರೆದಿಟ್ಟುಕೊಂಡು ತೋರಿಸಿದರೆ ಅವರಿಗೂ ನಂಬಿಕೆ ಬರುತ್ತದೆ.

ಆ ಹಳೆಯ ಹಾಳೆಯನ್ನು ಎಸೆಯಬೇಡಿ. ಮೂರು ವಾರದ ನಂತರ ಅವಳ ಮುಂದಿಟ್ಟು, 'ಮಳೆ ಬಂದಾಗ ನಾನು ಮೋಡ' ಅಂತ ನೀವೇ ಗಟ್ಟಿಯಾಗಿ ಓದಿ, ಸುಮ್ಮನೆ ಅವಳ ಮುಖ ನೋಡಿ. ಅವಳೇ ರಬ್ಬರ್ ಕೇಳಿದರೆ ಕೊಡಿ. 'ನೆನೀತೀನಿ' ಅಂತ ದೀರ್ಘ ಬಿಟ್ಟು, ಗೆರೆ ಮೀರಿ, ವಕ್ರವಾಗಿ ಬರೆದರೂ ಅವತ್ತು ಅಕ್ಷರ ತಿದ್ದಬೇಡಿ.